ಎತ್ತು ತಿರುಗಿದ ಜಾಗ

ಗರೋಫೊಲೊ ನಿಂತುಬಿಟ್ಟಿತು.

ಹಗ್ಗ ಹಿಡಿದಿದ್ದ ಕಲ್ಲಿಸ್ತೊ ಗಿಜ್ಜೋನಿ ಎಳೆದು ನೋಡಿದ, ಕತ್ತು ತುರಿಸಿ ಮುದ್ದು ಮಾಡಿ ನೋಡಿದ, ಕೊನೆಗೆ ತಾನು ನ್ಯಾಯಾಲಯದಿಂದ ಬಂದ ಮೋಜಣಿದಾರನೆಂದು ಗಂಭೀರವಾಗಿ ತಿಳಿಸಿಯೂ ನೋಡಿದ. ಕೆಂಪು ಎತ್ತಿಗೆ ಹೊಸ ಸರಕಾರದ ಮೇಲೆ ಅಂಥ ಗೌರವವೇನೂ ಇದ್ದಂತೆ ಕಾಣಲಿಲ್ಲ. ಅದು ಎಡಕ್ಕೆ ಕತ್ತು ಹೊರಳಿಸಿತು. ಪಕ್ಕದಲ್ಲಿ ಇನ್ನೊಂದು ಎತ್ತು ಇದೆಯೆಂಬಂತೆ ಒಂದು ಮೈಯಷ್ಟು ಜಾಗ ಬಿಟ್ಟು, ನಿಧಾನವಾಗಿ ಅರ್ಧ ಸುತ್ತು ತಿರುಗಿ, ಬಂದ ಕಡೆಗೇ ಮುಖ ಮಾಡಿ ನಿಂತಿತು.

ಆ ಬಿಟ್ಟ ಜಾಗವನ್ನು ನೋಡಲಾರದೆ ಕಲ್ಲಿಸ್ತೊ ಕನ್ನಡಕ ಒರೆಸಿಕೊಂಡ. ಎನ್ಜಾ ನದಿಯ ಬಯಲಿನಲ್ಲಿ ಕಣ್ಣು ಒದ್ದೆಯಾದರೆ ಮಂಜಿನ ಮೇಲೆ ಹೊರಿಸಬಹುದು, ಅಷ್ಟು ಅನುಕೂಲವಿದೆ.

ಅಲ್ಲಿರಬೇಕಾಗಿದ್ದ ಮೋರೊ ಎಂಬ ಎತ್ತು ಹಿಂದಿನ ತಿಂಗಳ ಒಂದು ಮುಸ್ಸಂಜೆ ಇದೇ ಹೊಲದ ತುದಿಯ ಕಾಲುವೆಗೆ ಜಾರಿ ಸತ್ತಿತ್ತು. ಅದರ ಅಡಿಗೆ ಸಿಕ್ಕಿ, ನೊಗದ ಮುಂದೆ ನಡೆಯುತ್ತಿದ್ದ ಚೆಲ್ಸೊ, ಧಣಿಯ ಹೊಲವನ್ನು ಪಾಲಿಗೆ ಉಳುವ ಕೋರುಗಾರ ಇಲಾರಿಯೊ ಮೊಂತ್ರುಕ್ಕೋಲಿಯ ಒಬ್ಬನೇ ಮಗ, ಸತ್ತಿದ್ದ.

"ನಾನು ಹೇಳೋದು ಇಷ್ಟೇ," ಎಂದ ಹಿಂದಿನಿಂದ ಜಮೀನಿನ ಪಾರುಪತ್ಯಗಾರ ಜೊಬೋಲಿ. ಹೀಗೆಂದ ಮೇಲೆ ಆತ ಇಷ್ಟಕ್ಕೇ ನಿಲ್ಲಿಸಿದ್ದನ್ನು ನದಿಯ ಈ ದಡದಲ್ಲಿ ಯಾರೂ ಕೇಳಿರಲಿಲ್ಲ. "ಎತ್ತಿನ ಸಾಕ್ಷಿ ತಗೊಳ್ಳೋ ಕಾಲ ಬಂತಲ್ಲ ಸ್ವಾಮಿ. ಮೋಜಣಿಗೆ ಬಂದೋರು ಮೋಜು ನೋಡ್ಕೊಂಡು ಹೋಗಿ, ನಾನೇನು ಬೇಡ ಅನ್ನಲ್ಲ. ಆದ್ರೆ ಅದು ತಾಯಿ ಬಿಟ್ಟ ಕರು ಥರ ಆಗಿದೆ. ಜೊತೆ ಸತ್ತಿದೆ. ಎಲ್ಲಿ ಬೇಕಾದ್ರೂ ನಿಲ್ಲತ್ತೆ, ಎಲ್ಲಿ ಬೇಕಾದ್ರೂ ತಿರುಗತ್ತೆ."

"ಮೂರು ಸಾಲಿನಲ್ಲಿ ನಡೆಸಿದೆ. ಮೂರು ಸಲವೂ ಇಲ್ಲೇ ತಿರುಗಿತು."

"ಎತ್ತು ತಾನೇ? ಅಭ್ಯಾಸ."

"ಅದೇ," ಎಂದ ಕಲ್ಲಿಸ್ತೊ. "ಅಭ್ಯಾಸ."

ಅವನು ಬಗ್ಗಿ ಉತ್ತ ನೆಲವನ್ನು ನೋಡಿದ. ಇಲಾರಿಯೊನ ಸಾಲುಗಳೆಂದರೆ ಹಾಸಿಗೆಗೆ ಹಾಕಿದ ಹೊಲಿಗೆಯ ಹಾಗೆ, ಎಲ್ಲೂ ಅಳ್ಳಕವಿಲ್ಲ. ಆದರೆ ಈ ಜಾಗಕ್ಕೆ ಬರುತ್ತಿದ್ದಂತೆ ಪ್ರತಿ ಸಾಲೂ ಒಂದು ಸಣ್ಣ ಸೊಂಟ ತಿರುಗಿಸಿತ್ತು. ಎತ್ತುಗಳು ತಿರುಗಲು ಹೋಗಿವೆ. ಯಾರೋ ಮುಂದಕ್ಕೆ ಎಳೆದಿದ್ದಾರೆ. ದಿನವಿಡೀ, ಪ್ರತಿ ಸಾಲಿಗೂ.

ಉಳುಮೆ ಎಲ್ಲಿ ನಿಲ್ಲಬೇಕೆಂದು ತೋರಿಸುವ ಗಡಿಕಲ್ಲು ಮಾತ್ರ ಇಲ್ಲಿರಲಿಲ್ಲ. ಅದು ಇನ್ನೂ ಮುಂದೆ, ಮಂಜಿನೊಳಗೆ, ಕಾಲುವೆಯ ಅಂಚಿನ ಬದುವಿನ ಮೇಲೆ ನಿಂತಿತ್ತು.

ಸಂತ ಮಾರ್ತೀನನ ದಿನ ಹತ್ತಿರ ಬರುತ್ತಿತ್ತು. ಆ ದಿನ ವರ್ಷದ ಕರಾರು ಮುಗಿದು, ಆ ಸೀಮೆಯ ಕೋರುಗಾರರು ಇಲ್ಲವೇ ಮನೆಯಲ್ಲಿ ಉಳಿಯುತ್ತಾರೆ, ಇಲ್ಲವೇ ಗಾಡಿಗೆ ಮಂಚ ಏರಿಸುತ್ತಾರೆ. ಇಲಾರಿಯೊಗೆ ವಯಸ್ಸಾಯಿತು, ಮನೆ ಬಿಡಲಿ ಎಂದು ಜೊಬೋಲಿ ಶುರುಮಾಡಿದ್ದ. ಇಲಾರಿಯೊ ಹೆಂಡದಂಗಡಿಯಲ್ಲಿ ಎಲ್ಲರೆದುರು, ಕಾಲುವೆ ಹೊಲದ ಬಿಯೋಲ್ಕಾವನ್ನು ಎಂದಿನಂತೆ ಒಂದೇ ಹಗಲಿನಲ್ಲಿ ಉತ್ತು ತೋರಿಸುತ್ತೇನೆ ಎಂದಿದ್ದ. ಬಿಯೋಲ್ಕಾ ಎಂದರೇ ಅದು: ಒಂದು ಜೋಡಿ ಎತ್ತು ಒಂದು ಹಗಲಿನಲ್ಲಿ ಉಳುವಷ್ಟು ನೆಲ. ಡ್ಯೂಕನ ಜಾಗಕ್ಕೆ ಬಂದ ಹೊಸ ರಾಜನ ಸರಕಾರ ಪ್ಯಾರಿಸಿನಿಂದ ಮೀಟರು ತಂದಿತ್ತು ನಿಜ. ಆದರೆ ಮೀಟರಿಗೆ ಬೆವರು ಬರುವುದಿಲ್ಲವೆಂದು ರೈತರು ಅದನ್ನು ನಂಬಿರಲಿಲ್ಲ.

ಉಳಲು ಇಳಿದ ದಿನ ಬಿಯೋಲ್ಕಾ ಮುಗಿಯಲಿಲ್ಲ. ಮಗ ಮುಗಿದ.

ಅಂದಿನಿಂದ ಇಲಾರಿಯೊ ಕೊಟ್ಟಿಗೆಯಲ್ಲಿ, ಮೋರೊವನ್ನು ಕಟ್ಟುತ್ತಿದ್ದ ಗೂಟದ ಪಕ್ಕ ಕೂತಿದ್ದಾನೆ. ಹೆಂಡತಿ ದೆಸೊಲೀನಾ ಇಟ್ಟ ಪೊಲೆಂತಾ ಮುದ್ದೆ ಹಾಗೇ ಆರಿ ಗಟ್ಟಿಯಾಗುತ್ತದೆ. ಬಂದವರಿಗೆಲ್ಲ ಒಂದೇ ಮಾತು: ನಾನು ನಿಧಾನ ಆಗಿಬಿಟ್ಟೆ. ನಾನು ಚುರುಕಾಗಿದ್ದಿದ್ದರೆ ಕತ್ತಲಾಗುವ ಮೊದಲೇ ನೊಗ ಇಳಿಯುತ್ತಿತ್ತು, ಹುಡುಗ ಮನೆಯಲ್ಲಿರುತ್ತಿದ್ದ. ವೈದ್ಯರು ಕಲ್ಲಿಸ್ತೊನನ್ನು ಪಕ್ಕಕ್ಕೆ ಕರೆದು, ಈ ಮಾತನ್ನು ಯಾರಾದರೂ ಅವನ ಬಾಯಿಂದ ಕಿತ್ತು ತೆಗೆಯದಿದ್ದರೆ ಮುದುಕ ಚಳಿಗಾಲ ದಾಟುವುದಿಲ್ಲ ಎಂದಿದ್ದರು.

ಸಾವಿನ ಜಾಗ ಅಳೆದು ಬಾ ಎಂದು ನ್ಯಾಯಾಲಯ ಕಳಿಸಿದ್ದು ನಿಜ, ಆದರೆ ಆ ಮಾತನ್ನು ಕೀಳಲೆಂದೇ ಕಲ್ಲಿಸ್ತೊ ಗುದ್ದಲಿ, ಗಡಾರಿ ಹೊತ್ತು ಬಂದಿದ್ದ.

"ಕಲ್ಲು ಎಬ್ಬಿಸಬೇಕು," ಎಂದ.

ಜೊಬೋಲಿಯ ಮುಖ ಮಂಜಿಗಿಂತ ಒಂದು ಬಣ್ಣ ಬಿಳುಪಾಯಿತು. ಡ್ಯೂಕನ ಕಾಲದ ಕಲ್ಲು ಅದು, ಹಾಗೆಲ್ಲ ಮುಟ್ಟಬಾರದು, ಧಣಿಗಳಿಗೆ ಹೇಳಬೇಕು, ಪಾದ್ರಿಗಳಿಗೆ ಹೇಳಬೇಕು ಎಂದು ಊರಿನ ದೊಡ್ಡವರನ್ನೆಲ್ಲ ಒಬ್ಬೊಬ್ಬರಾಗಿ ಕರೆತಂದು ಕಲ್ಲಿನ ಮೇಲೆ ಕೂರಿಸಿದ. ಅಷ್ಟರಲ್ಲಿ ಕಲ್ಲಿಸ್ತೊ ಗಡಾರಿ ಹಾಕಿ ಕಲ್ಲನ್ನು ವಾಲಿಸಿಯಾಗಿತ್ತು.

ಕೆಳಗೆ ಬರಿ ಮಣ್ಣು. ಒಂದು ಎರೆಹುಳು.

"ಸಾಕ್ಷಿಗಳೆಲ್ಲಿ?" ಎಂದು ಕೇಳಿದ.

ಜೊಬೋಲಿ ಕಲ್ಲಿನ ಅಡಿಗೆ ಇಣುಕಿದ. ಅವನಿಗೂ ಗೊತ್ತಿತ್ತು. ಗಡಿಕಲ್ಲು ನೆಡುವಾಗ ಮೋಜಣಿದಾರ ಒಂದು ಹೆಂಚನ್ನು ಒಡೆದು ಆ ಚೂರುಗಳನ್ನು ಗುಂಡಿಯಲ್ಲಿ ಹಾಕುತ್ತಾನೆ. ಅವಕ್ಕೆ ಸಾಕ್ಷಿಗಳೆಂದೇ ಹೆಸರು. ಮುಂದೆ ಜಗಳವಾದಾಗ ಅಗೆದು, ಚೂರುಗಳನ್ನು ಒಂದಕ್ಕೊಂದು ಹೊಂದಿಸಿ ನೋಡುತ್ತಾರೆ. ಮುರಿದ ಅಂಚು ಮುರಿದ ಅಂಚಿಗೆ ಕೂಡಿಕೊಂಡರೆ ಕಲ್ಲು ತನ್ನ ಜಾಗದಲ್ಲಿದೆ. ಕಲ್ಲನ್ನು ಸರಿಸುವವನ ಜೊತೆ ಸಾಕ್ಷಿಗಳು ಹೋಗುವುದಿಲ್ಲ.

"ಯಾರೋ ಇದನ್ನ ಹೊತ್ತು ತಂದು ಕಾಲುವೆ ಬಾಯಲ್ಲಿ ಇಟ್ಟಿದ್ದಾರೆ," ಎಂದ ಕಲ್ಲಿಸ್ತೊ. "ಅವತ್ತೂ ಬೆಳಗಿಂದ ಮಂಜು. ಮೊದಲ ಸಾಲು ಕಲ್ಲಿನವರೆಗೆ ಹೋಯಿತು, ಉಳಿದ ಸಾಲೆಲ್ಲ ಅದನ್ನ ಹಿಂಬಾಲಿಸಿದವು. ಇಲ್ಲಿ ಎತ್ತು ತಿರುಗೋಕೆ ಜಾಗ ಎಲ್ಲಿದೆ ಹೇಳಿ? ಸಂಜೆಯವರೆಗೂ ತುಳಿದು ತುಳಿದು ದಂಡೆ ಕುಸಿದಿದೆ. ಇಲಾರಿಯೊ ಸೋಲಲಿ ಅಂತ ಕಾದಿದ್ದೋರು ಈ ಊರಲ್ಲಿ ಒಬ್ಬರೇ, ಜೊಬೋಲಿಯವರೇ."

"ನಾನು ಹೇಳೋದು ಇಷ್ಟೇ." ಜೊಬೋಲಿ ನಿಲ್ಲಿಸಿದ. ಮತ್ತೆ ಶುರುಮಾಡಿದ. "ಮನೆ ಬಿಡಿಸ್ಬೇಕು ಅಂತಿದ್ದೆ. ಹೌದು. ಬಿಡಿಸ್ಬೇಕು ಅಂದ್ರೆ ಬಿಡಿಸ್ತೀನಿ, ಅದಕ್ಕೆ ಕಲ್ಲು ಯಾಕೆ ಹೊರಲಿ? ನನ್ನ ಸೊಂಟ ನೋಡಿ."

"ಚೆಲ್ಸೊ ನಿಮ್ಮನ್ನ ಅಣಕಿಸ್ತಿದ್ದನಂತೆ."

"ಅಣಕಿಸ್ತಿದ್ದ. ನನ್ನ ನಡಿಗೆ, ನನ್ನ ಕೆಮ್ಮು, ಎಲ್ಲಾ. ಒಂದು ಸಲ ಬಾಗಿಲಾಚೆ ನನ್ನ ದನೀಲಿ ಕೂಗಿದ, ನನ್ನ ಹೆಂಡ್ತಿ ಹೋಗಿ ಸೂಪು ಬಡಿಸೋಕೆ ಕೂತ್ಲು." ಅವನು ಬೂಟಿನ ಮಣ್ಣನ್ನು ಬದುವಿಗೆ ಒರೆಸಿದ. "ಈಗ ಊರಲ್ಲಿ ನನ್ನ ದನೀಲಿ ಮಾತಾಡೋನು ನಾನೊಬ್ನೇ ಉಳಿದಿದ್ದೀನಿ. ಅದು ನನಗೆ ಖುಷಿ ಅಂದ್ಕೊಂಡ್ರಾ?"

ಇದು ಸುಳ್ಳಾಗಿದ್ದರೆ ಬಲು ಚಂದದ ಸುಳ್ಳು ಎಂದುಕೊಂಡ ಕಲ್ಲಿಸ್ತೊ. ಸುಳ್ಳನ್ನು ಅಳೆಯುವ ಕೋಲು ಮಾತ್ರ ಡ್ಯೂಕನ ಕಾಲದಲ್ಲೂ ಇರಲಿಲ್ಲ, ರಾಜನ ಕಾಲದಲ್ಲೂ ಬಂದಿಲ್ಲ.

ಅವನು ಹಿಂದಕ್ಕೆ ನಡೆದ. ಗರೋಫೊಲೊ ಇನ್ನೂ ತಿರುಗಿದ ಜಾಗದಲ್ಲೇ ನಿಂತು ಮೆಲುಕು ಹಾಕುತ್ತಿತ್ತು. ಅದರ ನೇರಕ್ಕೆ, ಹೊಲದ ಪಕ್ಕದ ಬದುವಿನ ಮೇಲೆ ಗುದ್ದಲಿ ಊರಿದ. ಹುಲ್ಲಿನ ಹೆಪ್ಪು ಕಂಬಳಿ ಮಡಿಸಿದಂತೆ ಮೇಲೆದ್ದು ಬಂತು. ಬೇರು ಬಿಟ್ಟಿರಲಿಲ್ಲ, ಈಚೆಗೆ ಹಾಸಿದ್ದು.

ಗುದ್ದಲಿ ಒಂದು ಕಡೆ ಠಣ್ಣೆಂದಿತು. ಹೆಂಚು ಹಾಗೆ ಸದ್ದು ಮಾಡುವುದಿಲ್ಲ. ಕಲ್ಲಿಸ್ತೊ ಮೊಣಕಾಲೂರಿ ಕೈಯಿಂದ ಮಣ್ಣು ಬಗೆದ. ಬಟ್ಟೆಯ ಗಂಟೊಂದು ಸಿಕ್ಕಿತು. ಕೆಂಪು ಬಟ್ಟೆ, ಬಿಳಿ ಚುಕ್ಕೆ.

ಗಂಟು ಬಿಚ್ಚಿದ. ಒಂದು ಸೀಸೆ ಲಾಂಬ್ರುಸ್ಕೊ ವೈನು, ಬಿರಡೆಗೆ ದಾರ ಬಿಗಿದದ್ದು. ಒಂದು ತುಂಡು ಹಳೆಯ ಚೀಸು. ಒಂದರೊಳಗೊಂದು ಕೂರಿಸಿದ ಮೂರು ಮಣ್ಣಿನ ಬಟ್ಟಲುಗಳು, ಆ ಕಡೆ ವೈನು ಕುಡಿಯುವಂಥವು. ಎರಡಕ್ಕೆ ನೀಲಿ ಅಂಚು. ಮೂರನೆಯದಕ್ಕೆ ಅಂಚಿಲ್ಲ, ಅದು ಎಂದೋ ಸೀಳಿತ್ತು, ಸೀಳಿಗೆ ಯಾರೋ ತಂತಿಯ ಹೊಲಿಗೆ ಹಾಕಿಸಿದ್ದರು.

ಎಲ್ಲದರ ಅಡಿಯಲ್ಲಿ, ಅಲುಗಾಡದೆ, ಹೆಂಚಿನ ಎರಡು ಚೂರು. ಕಲ್ಲಿಸ್ತೊ ಅವನ್ನು ಎತ್ತಿ ಸೇರಿಸಿದ. ಎರಡೂ ಕಚ್ಚಿಕೊಂಡವು.

ಜೊಬೋಲಿ ಟೋಪಿ ತೆಗೆದಿದ್ದ. ಅವನು ನೋಡುತ್ತಿದ್ದುದು ಹೆಂಚನ್ನಲ್ಲ, ಬಟ್ಟೆಯನ್ನು.

"ಅದು ಹುಡುಗನ ಕೊರಳ ವಸ್ತ್ರ," ಎಂದ ಮೆಲ್ಲಗೆ. "ಮಣ್ಣು ಮಾಡೋವಾಗ ಅವನ ತಾಯಿ ಮನೆಯೆಲ್ಲಾ ಹುಡುಕಿದ್ಲು. ಅದಿಲ್ಲದೇ ಕಳಿಸ್ಕೊಟ್ವಿ."

ಆಮೇಲೆ ಜೊಬೋಲಿಯೇ ಹೇಳಿದ, ಈ ಸಲ ಯಾವ ಪೀಠಿಕೆಯೂ ಇಲ್ಲದೆ. ಇಲಾರಿಯೊ ಮಾತು ಕೊಟ್ಟ ದಿನ ಹೆಂಡದಂಗಡಿಯಲ್ಲಿ ನದಿಯಾಚೆಯ ಗಾಡಿಯವನೊಬ್ಬ ಕೂತಿದ್ದ. ನಿಮ್ಮ ರೆಜ್ಜೊ ಕಡೆಯ ಬಿಯೋಲ್ಕಾ ನಮ್ಮ ಪಾರ್ಮಾದ್ದಕ್ಕಿಂತ ಚಿಕ್ಕದು, ಆದ್ದರಿಂದ ನಿಮ್ಮ ಉಳುವವರೂ ನಮ್ಮವರಿಗಿಂತ ಚಿಕ್ಕವರು, ನಮ್ಮ ಎತ್ತುಗಳು ಮಧ್ಯಾಹ್ನದ ನಿದ್ದೆ ಮುಗಿಸಿ ಎದ್ದು ಇಷ್ಟನ್ನು ಉಳುತ್ತವೆ ಎಂದು ನಕ್ಕಿದ್ದ. ಇಲಾರಿಯೊ ಮುಖ ಕೆಂಪಗೆ ಮಾಡಿಕೊಂಡು ಎದ್ದು ಹೋಗಿದ್ದ. ಚೆಲ್ಸೊ ಮಾತ್ರ ಬಟ್ಟಲು ನೋಡಿಕೊಂಡು ನಗುತ್ತಿದ್ದನಂತೆ.

ಕಲ್ಲಿಸ್ತೊಗೆ ಆ ನಗುವಿನ ಅರ್ಥ ಈಗ ಗುಂಡಿಯ ಒಳಗಿಂದ ಕಂಡಿತು. ಹುಡುಗ ಕಲ್ಲನ್ನು ಮುಂದೆ ಸರಿಸಿ, ಅಪ್ಪನಿಗೆ ತಿಳಿಯದಂತೆ ಅಪ್ಪನ ಕೈಯಿಂದ ಪಾರ್ಮಾದ ಬಿಯೋಲ್ಕಾ ಉಳುಮೆ ಮಾಡಿಸಲು ಹೊರಟಿದ್ದ. ಸಂಜೆ, ಮುದುಕ ಸೊಂಟ ಹಿಡಿದುಕೊಂಡು ಎತ್ತನ್ನು, ನೆಲವನ್ನು, ಸರಕಾರವನ್ನು ಬಯ್ಯುವಾಗ, ಇಲ್ಲಿಗೆ ಕರೆತಂದು ಹುಲ್ಲು ಎತ್ತಿ, ಸೀಸೆ ತೆಗೆದು ಹೇಳುವವನಿದ್ದ. ಮರುದಿನ ಹೆಂಡದಂಗಡಿಯಲ್ಲಿ ಹೇಳುವವನಿದ್ದ. ನದಿಯಾಚೆಗೂ ಕೇಳುವಂತೆ ಹೇಳುವವನಿದ್ದ.

"ಹಾಗಾದ್ರೆ ಯಾರ ತಪ್ಪೂ ಇಲ್ಲ," ಎಂದ ಜೊಬೋಲಿ, ಟೋಪಿ ಮತ್ತೆ ತಲೆಗೇರಿತು. "ಹುಡುಗಾಟ. ಹುಡುಗನೇ ತೋಡಿದ ಗುಂಡಿ. ನ್ಯಾಯಾಲಯಕ್ಕೆ ಹಾಗೇ ಹೇಳಿ ಮುಗಿಸಿ ಸ್ವಾಮಿ. ಹೆಚ್ಚು ಅಗೆದ್ರೆ ಹೆಚ್ಚು ನೋವು."

ಅವನ ಬೂಟುಗಳ ಸದ್ದು ಮಂಜಿನಲ್ಲಿ ಕರಗಿತು. ಬಂದದ್ದಕ್ಕಿಂತ ಹೋದದ್ದು ಚುರುಕಾಗಿತ್ತು.

ಕಲ್ಲಿಸ್ತೊ ಹೊರಡಲಿಲ್ಲ. ಒಂದು ಲೆಕ್ಕ ಅವನ ಕಾಲು ಹಿಡಿದಿತ್ತು. ಪಾರ್ಮಾದ ಬಿಯೋಲ್ಕಾ ದೊಡ್ಡದು, ಒಪ್ಪಿದ. ಆದರೆ ಕಾಲುವೆ ಮುಟ್ಟುವಷ್ಟು ದೊಡ್ಡದಲ್ಲ.

ತನ್ನ ಸಾಮಾನಿನಿಂದ ಪಾರ್ಮಾದ ಅಳತೆಗೋಲನ್ನು ತೆಗೆದ. ಹೆಂಚು ಸಿಕ್ಕ ಗುಂಡಿಯಿಂದ ಕಾಲುವೆಯ ಕಡೆಗೆ ಬದುವಿನುದ್ದಕ್ಕೂ ಕೋಲು ಮಗುಚುತ್ತ ಹೋದ. ಪಾರ್ಮಾದ ಬಿಯೋಲ್ಕಾ ಎಲ್ಲಿ ಮುಗಿಯಬೇಕೋ ಅಲ್ಲಿಗೆ ಬಂದಾಗ ಕಾಲುವೆ ಇನ್ನೂ ದೂರವಿತ್ತು. ಎರಡು ಜೋಡಿ ಎತ್ತು ಬೇಕಾದರೂ ಆರಾಮವಾಗಿ ತಿರುಗಬಹುದಾಗಿತ್ತು.

ಅಲ್ಲಿ ಅವನ ಹಿಮ್ಮಡಿ ಮಣ್ಣಿನೊಳಗೆ ಕುಸಿಯಿತು.

ಹುಲ್ಲು ಕೆದರಿದ. ಅವಸರದಲ್ಲಿ ಮುಚ್ಚಿದ ಇನ್ನೊಂದು ಗುಂಡಿ. ತಳದಲ್ಲಿ ಗಡಿಕಲ್ಲಿನ ಚೌಕ ಅಡಿ ಮುದ್ರೆ ಒತ್ತಿದಂತೆ ಮೂಡಿತ್ತು. ಬದಿಯಲ್ಲಿ ಕಲ್ಲಿನಿಂದ ಉದುರಿದ ಪಾಚಿಯ ಸಿಪ್ಪೆ.

ಹುಡುಗ ತಮಾಷೆಗೆಂದು ಕಲ್ಲನ್ನು ಇಲ್ಲಿಗೆ ತಂದಿಟ್ಟಿದ್ದ, ಕೂದಲಷ್ಟೂ ತಪ್ಪದೆ. ಅವನ ತಮಾಷೆ ಇಲ್ಲಿಗೆ ಮುಗಿದಿತ್ತು. ಅವನು ಮನೆಗೆ ಹೋದ ಮೇಲೆ ಯಾರೋ ಬಂದು ಅದನ್ನು ಕಾಲುವೆಯ ಬಾಯಿಗೆ ಕೊಂಡೊಯ್ದಿದ್ದರು. ಮರುದಿನ ಮಂಜಿನಲ್ಲಿ ನೊಗದ ಮುಂದೆ ನಡೆದ ಚೆಲ್ಸೊ ಕಲ್ಲು ಕಂಡಾಗ ಏನೆಂದುಕೊಂಡಿರಬೇಕು? ತಾನೇ ಅಳತೆ ತಪ್ಪಿದೆನೆಂದು. ಹೇಳಿದರೆ ಆಟ ಕೆಡುತ್ತದೆಂದು.

ಆ ಕಲ್ಲು ಒಬ್ಬನಿಂದ ಏಳುವಂಥದಲ್ಲ, ಆ ಕಡೆಯಿಂದ ಈ ಕಡೆಗೆ ಹೊತ್ತು ತರುವುದಂತೂ ದೂರ. ಮೊದಲ ಸಲ ಹುಡುಗನ ಜೊತೆ ಇನ್ನೊಂದು ತುದಿ ಹಿಡಿದವರಿದ್ದರು. ಬಟ್ಟಲು ಮೂರು: ಅಪ್ಪನಿಗೊಂದು, ಮಗನಿಗೊಂದು, ಆಟ ಗೊತ್ತಿದ್ದ ಆ ಇನ್ನೊಬ್ಬರಿಗೊಂದು.

ಅಳೆಯಲು ಬಂದವನು ಅಳುತ್ತ ನಿಂತ. ಗರೋಫೊಲೊ ಒಂದೇ ನೋಡಿತು, ಅದು ಯಾರಿಗೂ ಹೇಳುವುದಿಲ್ಲ.

*

ಕೊಟ್ಟಿಗೆಯಲ್ಲಿ ಇಲಾರಿಯೊ ಬಿಟ್ಟ ಕಡೆಯೇ ಕೂತಿದ್ದ. ಕಲ್ಲಿಸ್ತೊ ಎತ್ತನ್ನು ಕಟ್ಟಿ, ಅವನೆದುರು ಒಣಹುಲ್ಲಿನ ಮೇಲೆ ಕುಕ್ಕರಿಸಿದ. ದೆಸೊಲೀನಾ ಬಾಗಿಲಲ್ಲಿ ನಿಂತಳು, ಕೈಯಲ್ಲಿ ಮುಟ್ಟದ ತಟ್ಟೆ.

"ನಿಧಾನ ಆಗ್ಬಿಟ್ಟೆ, ಸಾಹೇಬ್ರೇ," ಎಂದ ಇಲಾರಿಯೊ.

ಕಲ್ಲಿಸ್ತೊ ಹೆಂಚಿನ ಚೂರುಗಳನ್ನು ಮುದುಕನ ಬೂಟಿನ ಮುಂದೆ ಇಟ್ಟು ಜೋಡಿಸಿದ.

ಮುದುಕ ಬಗ್ಗಿ ನೋಡಿದ. "ಎಲ್ಲಿತ್ತು?"

"ಗರೋಫೊಲೊ ತಿರುಗಿದ ಜಾಗದಲ್ಲಿ. ಕಲ್ಲು ಸರಿದಿತ್ತು, ಇಲಾರಿಯೊ. ನೀವು ನಿಧಾನ ಆಗಿರಲಿಲ್ಲ. ನಿಮ್ಮ ಬಿಯೋಲ್ಕಾದಷ್ಟು ನೆಲ ಹಗಲಿರುವಾಗಲೇ ಮುಗಿದಿತ್ತು. ಆಮೇಲೆ ನೀವು ಉತ್ತಿದ್ದು ಪಾರ್ಮಾದ್ದು. ಅದನ್ನೂ ಮುಗಿಸಿದ್ರಿ."

ಗಂಟನ್ನು ದೆಸೊಲೀನಾಳ ಕೈಗೆ ಕೊಟ್ಟು, ಸೀಸೆಯನ್ನು ಇಲಾರಿಯೊನ ಮಡಿಲಿಗಿಟ್ಟ. ಹುಡುಗನ ಉಪಾಯವನ್ನು ಹೇಳಿದ: ಗಾಡಿಯವನ ಹೀಯಾಳಿಕೆ, ಹೊತ್ತ ಕಲ್ಲು, ಹೂತಿಟ್ಟ ಚೀಸು. ಎರಡನೆಯ ಗುಂಡಿಯವರೆಗೆ ಬಂದು ನಿಲ್ಲಿಸಿದ. ಅದರಿಂದಾಚೆಯದನ್ನು ಹೇಳಲು ಇಂದು ನಾಲಿಗೆ ಏಳಲಿಲ್ಲ.

ಇಲಾರಿಯೊ ಬಿರಡೆಯ ದಾರವನ್ನು ಬೆರಳಿನಿಂದ ತಡವಿದ. ಮಗ ಹಾಕಿದ ಗಂಟು.

"ಆ ಕಲ್ಲು ನೆಟ್ಟಾಗ ಇವನು ಇಷ್ಟುದ್ದ ಇದ್ದ," ಎಂದ. "ಡ್ಯೂಕನ ಮೋಜಣಿದಾರ ಹೇಳಿದ, ಮಗೂಗೆ ಕಲ್ಲಿನ ಹತ್ರ ಒಂದು ಕೆನ್ನೆಗೆ ಕೊಡು, ಬದುಕಿರೋವರೆಗೂ ಜಾಗ ನೆನಪಿಟ್ಕೋತಾನೆ ಅಂತ. ಎಲ್ರೂ ಹಾಗೇ ಮಾಡ್ತಾರೆ. ನಾನೂ ಕೊಟ್ಟೆ. ಅತ್ತ. ಆಮೇಲೆ ಒಂದು ಅಕ್ರೋಟು ಕೊಟ್ಟೆ." ಅವನು ಹೆಂಚಿನ ಚೂರನ್ನು ಎತ್ತಿಕೊಂಡ. "ಮರೀಬಾರ್ದು ಅಂತ ಹೊಡೆದೆ. ಮರೀಲಿಲ್ಲ ನೋಡಿ."

ದೆಸೊಲೀನಾ ತಟ್ಟೆಯನ್ನು ಕೆಳಗಿಟ್ಟಳು.

"ಅವತ್ತು ಮಧ್ಯಾಹ್ನ ಬಂದು 'ಅಪ್ಪಾ, ಇವತ್ತಿಗೆ ಸಾಕು ಮಾಡೋಣ' ಅಂದ. ನಾನು ಸೊಂಟದ ಮೇಲೆ ಕೈ ಇಟ್ಕೊಂಡು..." ಇಲಾರಿಯೊ ಗಲ್ಲ ಮುಂದೆ ಚಾಚಿದ, ಎದೆ ಉಬ್ಬಿಸಿದ, ದನಿಯನ್ನು ಹೊಟ್ಟೆಯ ತಳದಿಂದ ತೆಗೆದ. "'ಬಿಯೋಲ್ಕಾ ಮುಗೀದೆ ನೊಗ ಇಳಿಯಲ್ಲ!'"

ಅದು ಇಲಾರಿಯೊನ ದನಿ ಆಗಿರಲಿಲ್ಲ. ಇಲಾರಿಯೊನ ದನಿಯನ್ನು ಚೆಲ್ಸೊ ಅಣಕಿಸುತ್ತಿದ್ದ ದನಿ ಅದು. ಅಪ್ಪ ಮಗನನ್ನು, ತನ್ನನ್ನೇ ಅಣಕಿಸುವ ಮಗನನ್ನು ಅಣಕಿಸುತ್ತಿದ್ದ. ಎಷ್ಟು ಹೊಂದಿತ್ತೆಂದರೆ ಗರೋಫೊಲೊ ಕಿವಿ ನಿಮಿರಿಸಿ ಬಾಗಿಲ ಕಡೆ ತಿರುಗಿತು.

ದೆಸೊಲೀನಾಳ ಬಾಯಿಂದ ಅಳುವಿನ ನಡುವೆ ಒಂದು ನಗು ಜಾರಿತು. ಕಲ್ಲಿಸ್ತೊ ತಡೆದುಕೊಳ್ಳಲಾರದೆ ನಕ್ಕ. ಆಗ ಇಲಾರಿಯೊ ನಕ್ಕ. ಮೊದಲು ಮೂಗಿನಲ್ಲಿ, ಆಮೇಲೆ ಎದೆಯಲ್ಲಿ.

"ಪಾರ್ಮಾದ್ದನ್ನ ಉಳುಮೆ ಮಾಡಿಸಿಬಿಟ್ಟ ಕಣೇ! ನನ್ನ ಕೈಲಿ! ನಾನು ಎತ್ತಿಗೆ ಬೈತಿದ್ರೆ ಮುಂದೆ ಅವನ ಬೆನ್ನು ಅಲ್ಲಾಡ್ತಿತ್ತು, ಚಳಿ ಅಂದ್ಕೊಂಡೆ. ನಗ್ತಿದ್ದ, ಕಳ್ಳ ನನ್ಮಗ, ನಗ್ತಿದ್ದ!"

ಆ ಗದ್ದಲದಲ್ಲಿ ದೆಸೊಲೀನಾ ಗಂಟು ಬಿಚ್ಚಿದಳು. ವಸ್ತ್ರವನ್ನು ಮುಖಕ್ಕೆ ಒತ್ತಿಕೊಂಡಳು. ನೀಲಿ ಅಂಚಿನ ಬಟ್ಟಲುಗಳನ್ನು ತನ್ನವೆಂದು ಗುರುತಿಸಿ ಪಕ್ಕಕ್ಕಿಟ್ಟಳು. ಮೂರನೆಯದು ಕೈಗೆ ಬಂದಾಗ ಅವಳ ನಗು ಎಲ್ಲಿತ್ತೋ ಅಲ್ಲೇ ನಿಂತಿತು. ಹೆಬ್ಬೆರಳು ತಂತಿಯ ಹೊಲಿಗೆಯ ಮೇಲೆ ಒಮ್ಮೆ ಹರಿದಾಡಿತು. ಅವಳು ಗಂಡನ ಕಡೆ ನೋಡಿದಳು, ಬಟ್ಟಲನ್ನು ಸೊಂಟಕ್ಕೆ ಕಟ್ಟಿದ ಮುಂಬಟ್ಟೆಯ ಅಡಿಗೆ ಸರಿಸಿದಳು.

"ಇದನ್ನ ನಮ್ಮ ಯಜಮಾನ್ರು ನೋಡಿಲ್ಲ ತಾನೇ?" ಎಂದಳು, ಕಲ್ಲಿಸ್ತೊಗಷ್ಟೇ ಕೇಳುವಂತೆ.

"ಇಲ್ಲ. ಯಾರದು ಅದು?"

"ಹೊಲಿಗೆ ಹಾಕ್ಸಿಕೊಟ್ಟಿದ್ದು ನಾನೇ."

"ಯಾರಿಗೆ, ದೆಸೊಲೀನಾ?"

ಅವಳ ತುಟಿ ಅಲುಗಿತು. ಹೆಸರೊಂದು ಬಂತೋ ಏನೋ. ಇಲಾರಿಯೊ ಸೀಸೆಯನ್ನು ಎದೆಗೆ ಅವುಚಿಕೊಂಡು, ಮೋರೊವಿನ ಖಾಲಿ ಗೂಟಕ್ಕೆ ತಲೆ ಆನಿಸಿ, ತೊಲೆಯ ಮೇಲಿನ ಪಾರಿವಾಳಗಳು ಎದ್ದು ಹಾರುವಂತೆ ನಗುತ್ತಿದ್ದ. ಆ ನಗುವಿನಲ್ಲಿ ಕಲ್ಲಿಸ್ತೊಗೆ ಏನೂ ಕೇಳಿಸಲಿಲ್ಲ.